ನೆಲ್ ಓದಿದ ಫ್ರೆಂಚ್

ಮಗಳು ನೆಲ್ ಫ್ರೆಂಚ್ ಓದಿದ್ದನ್ನು ಲಾರ್ನ್ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು, ಶಾಲೆ ಮತ್ತೆ ತೆರೆದ ದಿನ ಹೆಮ್ಮೆಯಿಂದ ಕೇಳಿಸಿದ ಕೂಡಲೇ ಟೀಚರ್ ಆರ್ಸೆನೋ ಅವರ ನಗು ಆರಿಹೋಯಿತು. ಫ್ರೆಂಚಿನಲ್ಲೇ ಪಾಠ ಮಾಡುವ ಮಾಂಕ್ಟನ್ ಊರಿನ ಆ ಶಾಲೆ ಕೊರೋನಾಕ್ಕೆ ಮುಚ್ಚಿದ್ದ ಆರು ತಿಂಗಳೂ ನೆಲ್ ದಿನಾ ಹೀಗೇ ನೀರು ಹರಿದಂತೆ ಓದಿದ್ದಳು. ಇಂಗ್ಲಿಷ್ ಬಿಟ್ಟು ಬೇರೇನೂ ಬಾರದ ಅಪ್ಪ, ಒಲೆಯ ಮೇಲೆ ಪ್ಯಾನ್‌ಕೇಕ್ ಸೀದು ಕರಕಲಾದರೂ ಚಪ್ಪಾಳೆ ನಿಲ್ಲಿಸಿರಲಿಲ್ಲ.

"ಹೆಂಗೆ ಮೇಡಂ? ಪ್ಯಾರಿಸ್ಸಿನೋರೇ ಬಂದು ಇವಳ ಹತ್ರ ಪಾಠ ಹೇಳಿಸ್ಕೋಬೇಕು!"

"ಲಾರ್ನ್, ಇದ್ರಲ್ಲಿ ಫ್ರೆಂಚಿಂದು ಒಂದು ಪದಾನೂ ಇಲ್ಲ ಕಣ್ರೀ. ಬರೀ ಫ್ರೆಂಚಿನ ಥರದ ರಾಗ."

ನೆಲ್ ಅಪ್ಪನ ತೋಳು ಹಿಡಿದುಕೊಂಡಳು.

"ಓದೋಕೆ ಬರಲ್ಲ ಅಂತ ಮೊದಲನೇ ದಿನಾನೇ ಹೇಳೋಕೆ ಬಂದೆ ಅಪ್ಪಾ. ಅಷ್ಟರಲ್ಲಿ ನೀನು ಚಪ್ಪಾಳೆ ಹೊಡೆದುಬಿಟ್ಟೆ."