ಮನೆ ನೋಡಲು ಬಂದ ಎಮ್ಮೆ

ಎಮ್ಮೆಗಳಿಗೆ ಮಾತು ಬಂದ ಮೇಲೆ, ಕೊಳ್ಳುವವರ ಮನೆಗೆ ಅವೇ ಮೊದಲು ಬಂದು ಮೇವು ನೋಡುವುದು ರೂಢಿಯಾಗಿತ್ತು. ಬಾಳಪ್ಪನ ಮನೆಗೆ ಹಿಂದೆ ಬಂದ ಎರಡೂ ಎಮ್ಮೆಗಳು ಬೂಷ್ಟು ಹಿಡಿದ ಮೇವಿಗೆ ಮೂಗು ಮುರಿದು ಹೋಗಿದ್ದವು. ಈ ಸಲ ಅವನು ಗೋವಿನಜೋಳವನ್ನು ಕಾಳಿನಲ್ಲಿ ಹಾಲು ತುಂಬಿರುವಾಗಲೇ ಕತ್ತರಿಸಿ, ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿ, ಹದವಾಗಿ ಹುಳಿ ಬರಿಸಿದ್ದ.

ಇಂದು ಬಂದ ಮುರ್ರಾ ತಳಿಯ ಎಮ್ಮೆ ಒಮ್ಮೆ ಮೂಸಿತು. ಆಮೇಲೆ ಬುಟ್ಟಿ ಬರಿದಾಗುವವರೆಗೂ ತಲೆ ಎತ್ತಲಿಲ್ಲ.

"ಹೆಂಗೈತ್ರಿ?" ಎಂದು ಬಾಳಪ್ಪ ಕೈಕಟ್ಟಿ ಕೇಳಿದ.

ಎಮ್ಮೆ ಬಾಯಿ ನೆಕ್ಕಿಕೊಂಡು, "ಊರಿಗೆ ಹೋಗಿ ತಿಳಸ್ತೀನ್ರಿ" ಎಂದು ಹೊರಟುಹೋಯಿತು.

ಬಾಳಪ್ಪ ಕಟ್ಟೆಯ ಮೇಲೆ ಕುಸಿದ. "ಇದೂ ಒಲ್ಲೆ ಅಂದಂಗಾತು."

ಹೆಂಡತಿ ಸಾತವ್ವ ಖಾಲಿ ಬುಟ್ಟಿ ಎತ್ತಿಕೊಂಡಳು. "ನನ್ನ ನೋಡಾಕ ಬಂದಾಗ ನೀವೂ ಮೂರು ತಾಟು ಉಪ್ಪಿಟ್ಟು ತಿಂದು ಹಿಂಗ ಅಂದಿದ್ರಿ. ಸುಮ್ನ ಗೂಟ ಬಡೀರಿ."