ರೆಜಿ ಸರ್ ತಾಳ ತಪ್ಪಿದ ಸಂಜೆ

ರೆಜಿನಾಲ್ಡ್ ಸಲ್ದಾನ ಅವರನ್ನು ಬೆಂಗಳೂರಿನ ಸಂಗೀತದವರೆಲ್ಲ 'ರೆಜಿ ಸರ್' ಎನ್ನುತ್ತಿದ್ದರು.

ಹದಿನೇಳನೇ ವಯಸ್ಸಿಗೆ ಮದುವೆ ಮನೆಗಳಲ್ಲಿ ಡ್ರಮ್ಸ್ ಬಾರಿಸಲು ಶುರು ಮಾಡಿದವರು... ಮುಂದೆ ಜಾಜ್ ಜೊತೆ ನಮ್ಮ ಕರ್ನಾಟಕ ಸಂಗೀತದ ತಾಳ ಬೆರೆಸಿ ಸ್ವಂತ ಬ್ಯಾಂಡ್ ಕಟ್ಟಿದರು. ಜರ್ಮನಿ, ಜಪಾನ್‌ವರೆಗೂ ಹೋಗಿ ನುಡಿಸಿ ಬಂದರು.

ಅವರ ಬ್ಯಾಂಡಿಗೆ ಇದ್ದದ್ದು ಒಂದೇ ರೂಲ್... ತಾಳ ತಪ್ಪಿದವರು ಹೊರಗೆ!

ಕೀಬೋರ್ಡ್ ನುಡಿಸುತ್ತಿದ್ದ ಸುಕನ್ಯಾ ಹನ್ನೆರಡು ವರ್ಷ ಜೊತೆಗಿದ್ದವಳು. ಒಂದು ಶೋನಲ್ಲಿ ಮಧ್ಯೆ ಎಡವಿದಳು.

"ನಾಳೆಯಿಂದ ಬರೋದು ಬೇಡಮ್ಮ" ಎಂದರು ರೆಜಿ ಸರ್. ಏನಾಯಿತೆಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆರು ವರ್ಷದ ನಂತರ ಅವರಿಗೆ ಸ್ಟ್ರೋಕ್ ಆಯಿತು. ಕೈ ಸುಧಾರಿಸಿತು... ಡ್ರಮ್ಸ್ ಪೆಡಲ್ ಒತ್ತುವ ಬಲಗಾಲು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಬ್ಯಾಂಡ್ ನಿಂತೇಹೋಯಿತು.

ಒಂದು ಬೆಳಿಗ್ಗೆ ಸುಕನ್ಯಾ ಅವರ ಮನೆಗೆ ಬಂದಳು.

"ಸರ್, ಪ್ರಾಕ್ಟೀಸ್ ಶುರು ಮಾಡೋಣ್ವಾ?"

"ಕಾಲು ತಾಳದಿಂದ ಹಿಂದೆ ಬೀಳತ್ತಮ್ಮ..."

"ಬೀಳ್ಲಿ ಸರ್. ನೋಡೋಣ."

ಎಂಟು ತಿಂಗಳು ದಿನಾ ಬಂದಳು. ಹಳೆಯ ಇಬ್ಬರು ವಾದಕರನ್ನೂ ಕರೆತಂದಳು. ಕೊನೆಗೆ ಒಂದು ಭಾನುವಾರ ಸಂಜೆ ಕಾರ್ಯಕ್ರಮ ಇಟ್ಟುಕೊಂಡರು.

ಮೂರನೇ ಹಾಡಿನಲ್ಲಿ ರೆಜಿ ಸರ್ ಕಾಲು ಮರಗಟ್ಟಿತು. ತಾಳ ತಪ್ಪಿತು. ಕೈಗಳೂ ನಿಂತವು...

ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಎದ್ದು ಹೋಗಿಬಿಡೋಣ ಅನ್ನಿಸಿತು ರೆಜಿ ಸರ್‌ಗೆ.

ಸುಕನ್ಯಾ ಹಾಡಿನಲ್ಲಿ ಮುಂದೆ ಹೋಗಲಿಲ್ಲ. ಅದೇ ನಾಲ್ಕು ಸ್ವರ... ಮತ್ತೆ ಅದೇ ನಾಲ್ಕು ಸ್ವರ ನುಡಿಸುತ್ತಾ ಅವರನ್ನೇ ನೋಡುತ್ತಿದ್ದಳು. ಉಳಿದಿಬ್ಬರೂ ಅವಳ ಜೊತೆ ಅದನ್ನೇ ನುಡಿಸುತ್ತಾ ಕಾದರು.

ಒಂದು ನಿಮಿಷ ಕಳೆದಿರಬೇಕು. ಕಾಲು ಅಲುಗಿತು. ರೆಜಿ ಸರ್ ಮತ್ತೆ ತಾಳದೊಳಗೆ ಬಂದರು!

ಶೋ ಮುಗಿದ ಮೇಲೆ ಕೇಳಿದರು, "ನೀನು ತಪ್ಪಿದಾಗ ನಾನು ಹೊರಗೆ ಹಾಕಿದ್ದೆ. ನೀನ್ಯಾಕಮ್ಮ ಕಾದೆ?"

"ಅವತ್ತು ಅಮ್ಮ ಐಸಿಯುನಲ್ಲಿದ್ರು ಸರ್. ತಲೆ ಎಲ್ಲೋ ಇತ್ತು. ಯಾರಾದ್ರೂ ಒಂಚೂರು ಕಾದಿದ್ರೆ... ನಾನೂ ವಾಪಸ್ ಬರ್ತಿದ್ದೆ."

ರೆಜಿ ಸರ್ ಅವಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ನಾನು ಕೇಳಬೇಕಿತ್ತು... ತಪ್ಪಾಯ್ತಮ್ಮ."

ಮರುದಿನ ಫೋನ್ ಹಿಡಿದು ಕುಳಿತರು. ಸುಕನ್ಯಾಳಂತೆಯೇ ತಾವು ಹೊರಗೆ ಹಾಕಿದ್ದ ಬೇರೆ ಒಂಬತ್ತು ಜನರಿಗೂ ಕಾಲ್ ಮಾಡಿದರು. ಇಬ್ಬರು ದನಿ ಕೇಳುತ್ತಲೇ ಕಟ್ ಮಾಡಿದರು. ಒಬ್ಬರು ತೀರಿಕೊಂಡಿದ್ದರು.

ಉಳಿದ ಆರು ಜನ ಈಗ ಪ್ರತಿ ಶನಿವಾರ ಅವರ ಮನೆಯಲ್ಲಿ ಸೇರುತ್ತಾರೆ... ಯಾರಾದರೂ ತಪ್ಪಿದರೆ ಅವರು ವಾಪಸ್ ಬರುವವರೆಗೂ ಎಲ್ಲರೂ ಕಾಯುತ್ತಾರೆ.

*ತಪ್ಪದೇ ಇರುವವರು ಯಾರೂ ಇಲ್ಲ... ತಪ್ಪಿದವರಿಗಾಗಿ ಕಾಯುವವರೇ ಕಡಿಮೆ.*

ನಿಮ್ಮವರು ಎಡವಿದಾಗ ನೀವು ಮೊದಲು ಕೇಳುವುದು "ಯಾಕೆ ತಪ್ಪಿದೆ?" ಎಂದೋ... "ಏನಾಯ್ತು?" ಎಂದೋ?