ಗೇಟು ಒಂದೇ ಇರಲಿ

ಮಂತ್ರಿಗಳು ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದರು. ಆಶಾ ಲ್ಯಾಪ್‌ಟಾಪಿನ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದಳು.

"ಹನ್ನೆರಡು ಹದಿಮೂರು ದಾಟಿದ, ಒಂದಕ್ಷರ ಬಾರದ ಮೂರು ಲಕ್ಷ ಮಕ್ಕಳು. ಎಲ್ಲಿ ಕೂರಿಸಲಿ ಇವರನ್ನು? ನಾಳೆ ಸಂಪುಟ ಸಭೆ. ಇವತ್ತೇ ಹೇಳಿ."

ಮಂತ್ರಿ ಇದ್ದದ್ದು ಆಫ್ರಿಕಾದ ಒಂದು ಪುಟ್ಟ ದೇಶದ ರಾಜಧಾನಿಯಲ್ಲಿ. ಏಳು ವರ್ಷದ ಅಂತರ್ಯುದ್ಧ ಮುಗಿದು, ಚುನಾವಣೆ ನಡೆದು, ಅಲ್ಲಿನ ಹೊಸ ಸರ್ಕಾರ ಮೊದಲ ರಾಷ್ಟ್ರೀಯ ಶಿಕ್ಷಣ ಯೋಜನೆ ಬರೆಸುತ್ತಿತ್ತು. ಬರೆಯುವ ಐವರ ತಂಡದಲ್ಲಿ ಆಶಾಳೂ ಒಬ್ಬಳು. ಅವಳು ಇದ್ದದ್ದು ಹೊಸನಗರದ ಬಸ್ ಸ್ಟ್ಯಾಂಡ್ ಹಿಂದೆ, ತಮ್ಮ ರವೀಶನ ಜೆರಾಕ್ಸ್ ಅಂಗಡಿಯಲ್ಲಿ. ರಜೆಗೆಂದು ಊರಿಗೆ ಬಂದವಳಿಗೆ ದಿಢೀರನೆ ಮೀಟಿಂಗ್ ಎಂದರು. ಮನೆಯಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಈಗ ಅವಳ ಲ್ಯಾಪ್‌ಟಾಪಿನ ಪಕ್ಕದಲ್ಲೇ ಯಾರ್ಯಾರದೋ ಆಧಾರ್ ಕಾರ್ಡು, ಪಹಣಿಗಳ ಪ್ರತಿ ಬಿಸಿಬಿಸಿಯಾಗಿ ಹೊರಬೀಳುತ್ತಿದ್ದವು.

ತಂಡದಲ್ಲಿ ಇಬ್ಬರು, ಎಲ್ಲರೂ ಒಂದನೇ ಕ್ಲಾಸಿನಿಂದಲೇ ಶುರುಮಾಡಲಿ ಎಂದರು. ಮುಖ್ಯಸ್ಥರು, ಹಳೆಯ ನಿರಾಶ್ರಿತರ ಶಿಬಿರಗಳಲ್ಲಿ ಬೇರೆಯೇ ಕೇಂದ್ರ ತೆರೆಯೋಣ ಎಂದರು. ಆಶಾಳ ಮನಸ್ಸು ಎರಡಕ್ಕೂ ಒಪ್ಪುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ತೋರಿಸಲು ಅಂಕಿಅಂಶ ಇರಲಿಲ್ಲ.

ರವೀಶನಿಗೆ ಊಟದ ಡಬ್ಬಿ ತಂದಿದ್ದ ತಾಯಿ ಜಲಜಮ್ಮ ಸ್ಟೂಲಿನ ಮೇಲೆ ಕೂತು ಮಗಳ ಮುಖವನ್ನೇ ನೋಡುತ್ತಿದ್ದಳು.

"ಎಂತದೇ ಅದು? ಆಗಿಂದ ತಲೆ ಕೆರ್ಕೊಳ್ತಾ ಕೂತಿದೀಯ."

"ಯುದ್ಧದಲ್ಲಿ ಶಾಲೆ ತಪ್ಪಿಹೋದ ಮಕ್ಳಮ್ಮ. ಈಗ ದೊಡ್ಡವರಾಗಿದಾರೆ. ಒಂದನೇ ಕ್ಲಾಸಲ್ಲಿ ಕೂರ್ಸೋದಾ, ಬೇರೆ ಕಡೆ ಕಲ್ಸೋದಾ ಅಂತ."

"ಒಂದ್ನೇ ಕ್ಲಾಸಾ?" ಜಲಜಮ್ಮನ ದನಿ ಏರಿತು. "ಬ್ಯಾಡ ಅನ್ನು. ನಾನು ಕೂತು ನೋಡಿದೀನಿ."

ಆಶಾ ತಿರುಗಿದಳು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದ್ದಳೆಂಬ ಸುದ್ದಿಯೇ ಅವಳಿಗೆ ಹೊಸದು.

"ಲಿಂಗನಮಕ್ಕಿ ಡ್ಯಾಮಿನ ನೀರಲ್ಲಿ ನಮ್ಮೂರು ಮುಳುಗಿದಾಗ ನಂಗೆ ಏಳು ವರ್ಷ. ಹೊಸ ಜಾಗಕ್ಕೆ ಹೋಗಿ, ಕಾಡು ಕಡ್ದು, ಮನೆ ಕಟ್ಕೊಂಡು, ಅಲ್ಲೊಂದು ಶಾಲೆ ಅಂತ ಆಗೋ ಹೊತ್ತಿಗೆ ಹದಿಮೂರು. ಮೂಗು ಸೋರೋ ಮಕ್ಳ ಮಧ್ಯೆ ಕೂರ್ಸಿದ್ರು. ನನ್ನ 'ಅಮ್ಮಮ್ಮ' ಅಂತ ಕರೀತಿದ್ವು ಅವು. ಒಂಬತ್ತೇ ದಿನ, ಬಿಟ್ಟೆ. ಆಮೇಲೆ ದೊಡ್ಡ ಹುಡುಗೀರಿಗೆ ಅಂತ ದೇವಸ್ಥಾನದ ಜಗಲೀಲಿ ಬೇರೆ ಪಾಠ ಇಟ್ರು. ಊರೋರು ಅದಕ್ಕೆ ದಡ್ಡರ ಶಾಲೆ ಅಂದ್ರು. ಅದನ್ನೂ ಬಿಟ್ಟೆ."

ಪರದೆಯ ಮೇಲಿನ ಮುಖಗಳೆಲ್ಲ ಇತ್ತಲೇ ನೋಡುತ್ತಿದ್ದವು. ಮೈಕು ಮುಚ್ಚುವುದನ್ನು ಆಶಾ ಮರೆತಿದ್ದಳು.

"ಅಲ್ಲಿ ಮಾತಾಡಿದವರು ಯಾರು?" ಮಂತ್ರಿ ಕೇಳಿದರು.

"ಕ್ಷಮಿಸಿ ಮೇಡಂ. ನನ್ನ ತಾಯಿ."

"ಏನು ಹೇಳಿದರು?"

ಆಶಾ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, "ಒಬ್ಬರ ಅನುಭವ ಹಿಡಿದುಕೊಂಡು ದೇಶದ ಯೋಜನೆ..." ಎನ್ನುವಷ್ಟರಲ್ಲಿ ಮಂತ್ರಿ ಕೈಯೆತ್ತಿ ತಡೆದರು. "ಅವರನ್ನು ಕ್ಯಾಮೆರಾ ಮುಂದೆ ಕೂರಿಸಿ."

ರವೀಶ ಮೆಷಿನ್ ನಿಲ್ಲಿಸಿದ. ಜಾತಿ ಸರ್ಟಿಫಿಕೇಟಿನ ಪ್ರತಿಗೆ ಬಂದಿದ್ದ ಮಂಜಯ್ಯ ಚಪ್ಪಲಿ ಸದ್ದಾಗದ ಹಾಗೆ ಬಾಗಿಲಲ್ಲೇ ನಿಂತ. ಜಲಜಮ್ಮ ಸೆರಗು ಸರಿಮಾಡಿಕೊಂಡು ಸ್ಟೂಲು ಎಳೆದುಕೊಂಡಳು. ಮಂತ್ರಿ ಕೇಳಿದ್ದನ್ನು ಆಶಾ ಕನ್ನಡಕ್ಕೆ ತಂದಳು, ಅಮ್ಮ ಹೇಳಿದ್ದನ್ನು ಇಂಗ್ಲಿಷಿಗೆ.

"ಒಂಬತ್ತು ದಿನದಲ್ಲಿ ಏನು ಕಲಿತಿರಿ ಅಮ್ಮಾ?"

"ನನ್ನ ಹೆಸರಲ್ಲಿ ಎರಡಕ್ಷರ. 'ಜಲ' ಅಂತ."

"ಹೇಗಿದ್ದಿದ್ದರೆ ಬಿಡುತ್ತಿರಲಿಲ್ಲ?"

ಜಲಜಮ್ಮ ತಡವರಿಸಲಿಲ್ಲ. ಐವತ್ತಾರು ವರ್ಷದಿಂದ ಯಾರಾದರೂ ಕೇಳಲಿ ಎಂದೇ ಕಾದಿದ್ದವಳ ಹಾಗೆ ಹೇಳಿದಳು. "ಅದೇ ಶಾಲೆ, ಅದೇ ಗಂಟೆ ಇರ್ಲಿ. ಒಳಗೆ ನಮ್ಮ ಪ್ರಾಯದೋರಿಗೆ ಒಂದು ಕೋಣೆ ಬೇರೆ ಕೊಡಿ. ಒಂದ್ನೇ ಕ್ಲಾಸಿನ ಪುಸ್ತಕ ಮುಗ್ಸೋಕೆ ಹದಿಮೂರರ ಬುದ್ಧಿಗೆ ಒಂದು ವರ್ಷ ಯಾಕೆ? ಎರಡು ತಿಂಗಳು ಸಾಕು. ಬೇಗಬೇಗ ಕಲ್ಸಿ ನಮ್ಮ ಓರಗೆಯೋರ ಜೊತೆ ಸೇರ್ಸಿಬಿಡಿ. ಕೋಣೆ ಬೇರೆ ಆದ್ರೂ ಗೇಟು ಮಾತ್ರ ಒಂದೇ ಇರ್ಲಿ."

ಕೊನೆಯ ಮಾತನ್ನು ಆಶಾ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದಳು. ಮಂತ್ರಿ ಅದನ್ನು ಬರೆದುಕೊಂಡರು. ಪೆನ್ನು ಕೆಳಗಿಟ್ಟು ಅಂದರು: "ನಾನು ಓದಲು ಕಲಿತದ್ದು ಹತ್ತೊಂಬತ್ತಕ್ಕೆ, ಗಡಿಯಾಚೆಯ ಶಿಬಿರದಲ್ಲಿ. ಯಾವ ಶಾಲೆ ನಿಮ್ಮದು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಮಾತು ಬದಲಿಸುತ್ತೇನೆ. ಯೋಜನೆಯಲ್ಲಿ ಈ ಮಕ್ಕಳ ಬಗ್ಗೆ ಇರುವ ಅಧ್ಯಾಯ ತೆಗೆದುಹಾಕಿ ಆಶಾ. ಸಂಜೆಯೊಳಗೆ ಹೊಸದಾಗಿ ಬರೆದು ಕಳಿಸಿ."

"ಅಷ್ಟು ಕೋಣೆಗಳೆಲ್ಲಿವೆ ಮೇಡಂ?" ಮುಖ್ಯಸ್ಥರು ಕೇಳಿದರು.

"ಡೇರೆ ಹಾಕಿಸುತ್ತೇನೆ. ಗೇಟಿನ ಒಳಗೆ."

ಪರದೆ ಆರುತ್ತಲೇ ಮಂಜಯ್ಯ ಒಳಗೆ ಬಂದ. "ಯಾರು ಜಲಜಕ್ಕ ಅದು?"

"ಮಿನಿಸ್ಟ್ರು. ಒಳ್ಳೆ ಹೆಂಗ್ಸು ಮಾರಾಯ. ಹೇಳಿದ್ರೆ ಕೇಳ್ತಾಳೆ."

ಆಶಾ ಅದೇ ಕೌಂಟರಿನ ಮೇಲೆ, ಜನ ಬಂದು ಹೋಗುವ ಗದ್ದಲದಲ್ಲೇ, ಇಡೀ ಅಧ್ಯಾಯ ಬರೆದು ಮುಗಿಸಿದಳು. ಅಷ್ಟು ಸಲೀಸಾಗಿ ಅವಳು ಎಂದೂ ಬರೆದಿರಲಿಲ್ಲ. ಮರುದಿನ ಸಂಪುಟ ಅದರಲ್ಲಿ ಒಂದು ಪದವನ್ನೂ ಬದಲಿಸದೆ ಒಪ್ಪಿತು.

ಎಂಟು ತಿಂಗಳ ಮೇಲೆ ಆ ದೇಶದ ಶಾಲೆಗಳು ತೆರೆದವು. ಮೊದಲ ದಿನದ ಒಂದು ಫೋಟೋವನ್ನು ಮಂತ್ರಿಗಳೇ ಆಶಾಳಿಗೆ ಕಳಿಸಿದರು. ಅವಳು ಅದನ್ನು ಊರಿಗೆ ಕಳಿಸಿ ವಿಡಿಯೋ ಕಾಲ್ ಮಾಡಿದಳು. ಜಲಜಮ್ಮ ರವೀಶನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಗೇಟಿನೊಳಗೆ ನುಗ್ಗುತ್ತಿದ್ದ ಚಿಕ್ಕ ಮಕ್ಕಳ ನಡುವೆ ಒಬ್ಬಳು ಉದ್ದನೆಯ ಹುಡುಗಿ ಇದ್ದಳು.

"ಇವ್ಳು ಬಿಡಲ್ಲ," ಅಂದಳು ಜಲಜಮ್ಮ.

"ನಿಂಗೆ ಹ್ಯಾಗೆ ಗೊತ್ತಮ್ಮ?"

"ಕತ್ತು ನೋಡೇ. ಬಗ್ಸೇ ಇಲ್ಲ."